ಹಬ್ಬದ ದಿನದ ಆಟ ಯಾರ ಪಾಲು?

ಆಟೋಟಗಳಿಗೂ ನನಗೂ ಇದ್ದ ಸಂಬಂಧ ಅಷ್ಟಕ್ಕಷ್ಟೆ ಎಂಬುದು ನನ್ನ ಹಳೆಯ ವಿದ್ಯಾರ್ಥಿಗಳಿಗೆಲ್ಲ ತಿಳಿದ ವಿಷಯವೇ. ಕನ್ನಡವನ್ನೂ, ಬೇಕಾದಾಗ ಸಮಾಜ ವಿಜ್ಞಾನವನ್ನೂ ಬೋಧಿಸುತ್ತಿದ್ದ ನನ್ನನ್ನು ಕ್ರೀಡಾಕೂಟದ ದಿನ ಮರದ ನೆರಳಿನಲ್ಲಿ ಕುರ್ಚಿ ಹಾಕಿ ಕೂರಿಸಿ, ಗೆದ್ದವರ ಹೆಸರು ಬರೆಯುವ ಕೆಲಸವನ್ನಷ್ಟೇ ಒಪ್ಪಿಸುತ್ತಿದ್ದರು. ಅಂಥವನು ಇಂದು ಅಮೆರಿಕದ ಫುಟ್‌ಬಾಲಿನ ಬಗ್ಗೆ ಬರೆಯಲು ಕುಳಿತಿದ್ದಾನೆಂದರೆ ನೀವು ನಕ್ಕರೂ ತಪ್ಪಲ್ಲ. ಆದರೆ ನಾನು ಬರೆಯಹೊರಟಿರುವುದು ಆಟದ ವಿಚಾರವಲ್ಲ. ಆ ಆಟದ ಅಭಿಮಾನಿಗಳು ವರ್ಷ ವರ್ಷವೂ ಬಿಡದೆ ನಡೆಸುವ ಒಂದು ವಾಗ್ವಾದದ ವಿಚಾರ. ದೇಶದ ಜನರೆಲ್ಲ ಟಿ.ವಿ.ಯ ಮುಂದೆ ಕೂರುವ ಹೊತ್ತಿನಲ್ಲಿ ಯಾವ ತಂಡದ ಪಂದ್ಯವನ್ನು ತೋರಿಸಬೇಕು, ಜನಪ್ರಿಯರನ್ನೋ ಅಥವಾ ಎಲ್ಲರನ್ನೂ ಸರದಿಯ ಪ್ರಕಾರವೋ ಎಂಬುದೇ ಆ ವಾಗ್ವಾದ. ಅದನ್ನು ಕೇಳುತ್ತ ಕೇಳುತ್ತ ನನಗೆ ನಮ್ಮ ಶಾಲೆಯ ವಾರ್ಷಿಕೋತ್ಸವವೂ, ಅಲ್ಲಿ ನನ್ನ ಕೈಯಿಂದಲೇ ಆದ ಒಂದು ತಪ್ಪೂ ನೆನಪಾಯಿತು. ಅದನ್ನು ಹೇಳಿಕೊಳ್ಳದೆ ಇರಲಾರೆನೆಂದು ಅನ್ನಿಸಿ ಈ ಬರಹ.

2008ರ ಶರತ್ಕಾಲದಲ್ಲಿ ನಾನೂ ನನ್ನ ಮಡದಿಯೂ ಮೊದಲ ಬಾರಿಗೆ ಮಗಳ ಮನೆಗೆಂದು ಅಮೆರಿಕಕ್ಕೆ ಹೋದೆವು. ಅಳಿಯಂದಿರು ಮಿಷಿಗನ್ ರಾಜ್ಯದ ಡೆಟ್ರಾಯಿಟ್ ನಗರದ ಹೊರವಲಯದಲ್ಲಿ, ಕಾರು ತಯಾರಿಕೆಗೆ ಸಂಬಂಧಿಸಿದ ಕೆಲಸದಲ್ಲಿದ್ದರು. ಕಾರುಗಳನ್ನು ನಂಬಿ ಬದುಕಿದ ಆ ಊರಿಗೆ ಅದು ಒಳ್ಳೆಯ ವರ್ಷವಾಗಿರಲಿಲ್ಲ. ಮುಂದಿನ ವರ್ಷವೇ, ಅಂದರೆ 2009ರಲ್ಲಿ, ಜನರಲ್ ಮೋಟಾರ್ಸ್ ಮತ್ತು ಕ್ರೈಸ್ಲರ್ ಕಂಪನಿಗಳೆರಡೂ ದಿವಾಳಿಯ ಅರ್ಜಿ ಹಿಡಿದು ನ್ಯಾಯಾಲಯದ ಮೆಟ್ಟಿಲೇರಿದವು. 2013ರಲ್ಲಿ ನಗರಾಡಳಿತವೇ ಅದೇ ದಾರಿ ಹಿಡಿಯಿತು. ನಾವು ಹೋದಾಗ ಮನೆಮನೆಯಲ್ಲೂ ಕೆಲಸ ಉಳಿಯುವುದೋ ಹೋಗುವುದೋ ಎಂಬ ಮಾತೇ ನಡೆಯುತ್ತಿತ್ತು.

ಅಂಥ ದಿನಗಳಲ್ಲಿ ಆ ಊರಿನ ಫುಟ್‌ಬಾಲ್ ತಂಡವೂ ಸೋಲುತ್ತಲೇ ಇತ್ತು. ತಂಡದ ಹೆಸರು ಡೆಟ್ರಾಯಿಟ್ ಲಯನ್ಸ್. ಹೆಸರಿಗೆ ಸಿಂಹಗಳಾದರೂ ಆ ವರ್ಷ ನವೆಂಬರಿನವರೆಗೆ ಆಡಿದ ಹನ್ನೊಂದು ಪಂದ್ಯಗಳಲ್ಲಿ ಒಂದನ್ನೂ ಅವು ಗೆದ್ದಿರಲಿಲ್ಲ. ಈ ಆಟದಲ್ಲಿ ಚೆಂಡು ಮೊಟ್ಟೆಯಾಕಾರದ್ದು. ಕಾಲಿಗಿಂತ ಕೈಗೇ ಹೆಚ್ಚು ಕೆಲಸ. ಒಬ್ಬ ಚೆಂಡನ್ನು ಹಿಡಿದು ಓಡುತ್ತಾನೆ, ಹತ್ತು ಜನ ಅವನ ಮೇಲೆ ಬೀಳುತ್ತಾರೆ, ಮತ್ತೆ ಎದ್ದು ನಿಂತು ಮಾತುಕತೆ ನಡೆಸುತ್ತಾರೆ. ಇದಕ್ಕೆ ಫುಟ್‌ಬಾಲ್ ಎಂಬ ಹೆಸರು ಏಕೆಂದು ಆಗ ಎಂಟು ವರ್ಷದವನಾಗಿದ್ದ ಮೊಮ್ಮಗನನ್ನು ಕೇಳಿದೆ. "ತಾತ, ಅದೆಲ್ಲ ಕೇಳಬಾರದು, ಸುಮ್ಮನೆ ನೋಡಬೇಕು" ಎಂದ. ಗುರುವಿನ ಮಾತನ್ನು ಪಾಲಿಸಿದೆ.

ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಅಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ನಮ್ಮ ಸುಗ್ಗಿಹಬ್ಬದಂತೆಯೇ ಮನೆಯವರೆಲ್ಲ ಒಟ್ಟಿಗೆ ಸೇರಿ ಉಣ್ಣುವ ದಿನ. ಅಂದು ಮಧ್ಯಾಹ್ನ ಡೆಟ್ರಾಯಿಟಿನಲ್ಲಿ ಒಂದು ಪಂದ್ಯ, ಅದು ಮುಗಿದ ಮೇಲೆ ಡಲ್ಲಾಸಿನಲ್ಲಿ ಇನ್ನೊಂದು. ಇದು ಹಳೆಯ ಪದ್ಧತಿ. 2006ರಿಂದ ರಾತ್ರಿ ಮೂರನೆಯ ಪಂದ್ಯವೂ ಸೇರಿದೆ. ರಜೆಯ ದಿನವಾದ್ದರಿಂದ ಹಗಲಿನ ಪಂದ್ಯವನ್ನೂ ಇಡೀ ದೇಶವೇ ನೋಡುತ್ತದೆ. ಆ ವರ್ಷ ಅಳಿಯಂದಿರ ಮನೆಗೆ ಇಬ್ಬರು ಅತಿಥಿಗಳಿದ್ದರು. ಒಬ್ಬರು ಪಕ್ಕದ ಮನೆಯ ಹಿರಿಯರು, ಮೂವತ್ತು ವರ್ಷ ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಇನ್ನೊಬ್ಬರು ಅಳಿಯಂದಿರ ಸಹೋದ್ಯೋಗಿ, ಟೆಕ್ಸಾಸಿನವರು, ಡಲ್ಲಾಸ್ ಕೌಬಾಯ್ಸ್ ತಂಡದ ಪರಮ ಭಕ್ತರು. ನನ್ನ ಮಡದಿ ಮಾಡಿದ ಪುಳಿಯೋಗರೆಯನ್ನು ಇಬ್ಬರೂ ಮೆಚ್ಚಿದರು. ಅವರು ಒಪ್ಪಿದ ವಿಷಯ ಅದೊಂದೇ.

ಆ ದಿನ ಡೆಟ್ರಾಯಿಟ್ ತಂಡವು ಟೆನ್ನೆಸ್ಸೀ ಟೈಟನ್ಸ್ ತಂಡದ ಎದುರು 47-10ರಿಂದ ಸೋತಿತು. ಆಟದ ಗಂಧವಿಲ್ಲದ ನನಗೂ ಅದನ್ನು ನೋಡುವುದು ಕಷ್ಟವಾಯಿತು. ಟೆಕ್ಸಾಸಿನ ಅತಿಥಿಗಳು ಆಗ ಮಾತು ತೆಗೆದರು. "ವರ್ಷ ವರ್ಷವೂ ಹಬ್ಬದ ದಿನ ಈ ಸೋಲನ್ನೇ ದೇಶವೆಲ್ಲ ಏಕೆ ನೋಡಬೇಕು? ಈ ಪಂದ್ಯವನ್ನು ಚೆನ್ನಾಗಿ ಆಡುವ ಬೇರೆ ಊರಿಗೆ ಕೊಡಬಾರದೇ? ನಮ್ಮ ತಂಡವನ್ನು ಜನ ನೋಡುತ್ತಾರೆ, ಅದಕ್ಕೇ ತೋರಿಸುತ್ತಾರೆ. ನಿಮ್ಮದನ್ನು ತೋರಿಸುತ್ತಾರೆ, ಅದಕ್ಕೇ ಜನ ನೋಡಬೇಕಾಗಿದೆ." ಮಾತಿನಲ್ಲಿ ಚಮತ್ಕಾರವಿತ್ತು, ನಾನೂ ನಕ್ಕೆ. ನೆರೆಮನೆಯ ಹಿರಿಯರು ನಗಲಿಲ್ಲ. "ನಮ್ಮ ಊರಿನ ಹೆಸರನ್ನು ದೇಶದವರು ಕಾರ್ಖಾನೆ ಮುಚ್ಚಿದಾಗ ಕೇಳುತ್ತಾರೆ, ಇಲ್ಲವೇ ಈ ದಿನ ಕೇಳುತ್ತಾರೆ. ಇದೊಂದು ದಿನವನ್ನು ನಮಗೆ ಬಿಡಿ" ಎಂದಷ್ಟೇ ಹೇಳಿ ತಟ್ಟೆಯ ಕಡೆ ನೋಡಿದರು.

ಅದು ಆ ಮನೆಯೊಂದರ ಜಗಳವಷ್ಟೇ ಆಗಿರಲಿಲ್ಲ. ಡೆಟ್ರಾಯಿಟಿನಿಂದ ಹಬ್ಬದ ಪಂದ್ಯವನ್ನು ಕಿತ್ತುಕೊಳ್ಳಬೇಕೆಂಬ ಮಾತು ಆ ವರ್ಷ ದೇಶದಲ್ಲೆಲ್ಲ ಕೇಳಿಬಂದಿತ್ತು. ಅನಂತರವೂ ಬಹಳ ವರ್ಷ ಕೇಳಿಬರುತ್ತಿತ್ತು. ಇಬ್ಬರ ಮಾತಿನಲ್ಲಿ ಯಾರದು ಸರಿ ಎಂದು ತಿಳಿಯುವ ಕುತೂಹಲದಿಂದ ನಾನು ಹತ್ತಿರದ ಸಾರ್ವಜನಿಕ ಗ್ರಂಥಾಲಯಕ್ಕೆ ದಿನವೂ ಹೋಗಿ ಈ ಆಟದ ಚರಿತ್ರೆಯನ್ನು ಓದತೊಡಗಿದೆ. ಮೇಷ್ಟ್ರ ಬುದ್ಧಿ ಎಲ್ಲಿಗೆ ಹೋದರೂ ಬಿಡುವುದಿಲ್ಲವಷ್ಟೆ!

ಓದಿದಾಗ ತಿಳಿದ ಮೊದಲ ಸಂಗತಿ ನನ್ನನ್ನು ಬೆರಗುಗೊಳಿಸಿತು. ಈ ಆಟದ ಒಕ್ಕೂಟಕ್ಕೆ ಎನ್‌ಎಫ್‌ಎಲ್ ಎಂದು ಹೆಸರು. ಅದರಲ್ಲಿ 32 ತಂಡಗಳು. ಬಂಡವಾಳಶಾಹಿಗೆ ಹೆಸರಾದ ಆ ದೇಶದಲ್ಲಿ ಟಿ.ವಿ.ಯಿಂದ ಬರುವ ರಾಷ್ಟ್ರೀಯ ಆದಾಯವನ್ನು ಇವರು ಎಲ್ಲ ತಂಡಗಳಿಗೂ ಸಮನಾಗಿ ಹಂಚುತ್ತಾರೆ. ಹಿಂದೆ ಹೀಗಿರಲಿಲ್ಲ. ಪ್ರತಿಯೊಂದು ತಂಡವೂ ತನ್ನ ಪಂದ್ಯಗಳ ಪ್ರಸಾರವನ್ನು ತಾನೇ ಮಾರಿಕೊಳ್ಳುತ್ತಿತ್ತು. ನ್ಯೂಯಾರ್ಕಿನಂಥ ಮಹಾನಗರದ ತಂಡಕ್ಕೆ ಹೊಳೆಯಂತೆ ಹಣ. ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಎಂಬ ಸಣ್ಣ ಊರಿನ ತಂಡಕ್ಕೆ ಹನಿಯಷ್ಟು. 1960ರಲ್ಲಿ ಒಕ್ಕೂಟದ ಮುಖ್ಯಸ್ಥರಾದ ಪೀಟ್ ರೊಜೆಲ್ ಎಂಬವರು ಎಲ್ಲ ತಂಡಗಳ ಪ್ರಸಾರವನ್ನೂ ಒಟ್ಟಿಗೆ ಮಾರಿ ಬಂದದ್ದನ್ನು ಸಮಪಾಲು ಮಾಡಿಕೊಳ್ಳೋಣವೆಂದರು. ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳಬೇಕಾಗಿದ್ದ ನ್ಯೂಯಾರ್ಕ್ ಜೈಂಟ್ಸ್ ತಂಡದ ಒಡೆಯರಾದ ಮಾರಾ ಕುಟುಂಬದವರೂ ಒಪ್ಪಿದರು. 1961ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಕೆನಡಿಯವರು ಅದಕ್ಕೆ ಅವಕಾಶ ಕೊಡುವ ಕಾನೂನಿಗೆ ಸಹಿ ಹಾಕಿದರು. 1962ರಲ್ಲಿ ಸಿಬಿಎಸ್ ಸಂಸ್ಥೆ ವರ್ಷಕ್ಕೆ 46.5 ಲಕ್ಷ ಡಾಲರ್ ಕೊಟ್ಟಿತು. ಆಗಿದ್ದ 14 ತಂಡಗಳಿಗೂ ಅದು ಸಮನಾಗಿ ಹಂಚಿಹೋಯಿತು.

ಇದಕ್ಕೂ ಹಳೆಯದಾದ ಇನ್ನೊಂದು ಪದ್ಧತಿಯಿದೆ. ಕಾಲೇಜಿನಿಂದ ಹೊರಬರುವ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವಾಗ, ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚು ಸೋತ ತಂಡಕ್ಕೆ ಮೊದಲ ಆಯ್ಕೆ. 1936ರಿಂದ ಇದು ನಡೆದುಬಂದಿದೆ. ತರಗತಿಯಲ್ಲಿ ಹಿಂದೆ ಬಿದ್ದವನನ್ನು ಮುಂದಿನ ಬೆಂಚಿಗೆ ಕರೆದು ಕೂರಿಸಿದಂತೆ.

ಆದರೆ ಹಣವನ್ನು ಸಮನಾಗಿ ಹಂಚಿದವರು ಬೆಳಕನ್ನು ಸಮನಾಗಿ ಹಂಚಲಿಲ್ಲ. ಭಾನುವಾರ ಹಗಲಿನಲ್ಲಿ ಅನೇಕ ಪಂದ್ಯಗಳು ಒಂದೇ ಹೊತ್ತಿನಲ್ಲಿ ನಡೆಯುತ್ತವೆ. ಬಹುಮಟ್ಟಿಗೆ ಆಯಾ ಸೀಮೆಯವರಿಗೆ ಆಯಾ ಸೀಮೆಯ ಪಂದ್ಯ ಕಾಣುತ್ತದೆ. ಭಾನುವಾರ ರಾತ್ರಿ, ಸೋಮವಾರ ರಾತ್ರಿ, ಈಚೆಗೆ ಗುರುವಾರ ರಾತ್ರಿ ನಡೆಯುವ ಪಂದ್ಯಗಳನ್ನು ಮಾತ್ರ ಇಡೀ ದೇಶ ನೋಡುತ್ತದೆ. ಸೋಮವಾರದ ರಾತ್ರಿಯ ಆಟ 1970ರಲ್ಲಿ ಎಬಿಸಿಯಲ್ಲಿ ಆರಂಭವಾದದ್ದು. ಈ ಪ್ರೈಮ್ ಟೈಮ್ ಹೊತ್ತು ಸಿಗುವುದು ಜನ ಬಯಸುವ ತಂಡಗಳಿಗೆ. ಡಲ್ಲಾಸ್ ತಂಡವು ತನ್ನ ಕೊನೆಯ ಸೂಪರ್ ಬೌಲ್ ಗೆದ್ದದ್ದು 1996ರ ಜನವರಿಯಲ್ಲಿ. ಆದರೂ ಅದಕ್ಕೆ ರಾತ್ರಿಯ ಹೊತ್ತು ಒಂದು ವರ್ಷವೂ ತಪ್ಪಿದ್ದಿಲ್ಲ. ಅದನ್ನು ಪ್ರೀತಿಸುವವರೂ ನೋಡುತ್ತಾರೆ, ಅದು ಸೋಲಲಿ ಎಂದು ಹಾರೈಸುವವರೂ ನೋಡುತ್ತಾರೆ. ಟಿ.ವಿ.ಯವರಿಗೆ ಎರಡೂ ಒಂದೇ ಲೆಕ್ಕ.

ಡೆಟ್ರಾಯಿಟಿನ ಸ್ಥಿತಿ ಇದಕ್ಕೆ ತದ್ವಿರುದ್ಧ. ಕ್ರೀಡಾಂಗಣದ ಟಿಕೆಟ್‌ಗಳು ಪಂದ್ಯಕ್ಕೆ 72 ಗಂಟೆ ಮುಂಚೆಯೇ ಪೂರ್ತಿ ಮಾರಾಟವಾಗದಿದ್ದರೆ ಆ ಊರಿನ ಟಿ.ವಿ.ಯಲ್ಲಿ ಆ ಪಂದ್ಯವನ್ನು ತೋರಿಸುವಂತಿಲ್ಲ ಎಂಬ ನಿಯಮ 1973ರಿಂದ ಇತ್ತು. 2015ರಲ್ಲಿ ಅದನ್ನು ಅಮಾನತಿನಲ್ಲಿಟ್ಟರು. 2008ರಲ್ಲಿ ಈ ನಿಯಮದಿಂದಾಗಿ ಡೆಟ್ರಾಯಿಟಿನ ಜನರಿಗೆ ತಮ್ಮ ತಂಡ ತಮ್ಮ ಊರಿನಲ್ಲೇ ಆಡಿದ ಕೆಲವು ಪಂದ್ಯಗಳೇ ಕಾಣಲಿಲ್ಲ. ದೇಶಕ್ಕೆ ಬೇಡವಾದದ್ದು ಸರಿ, ಮನೆಯವರಿಗೂ ಕಾಣದಂತಾಯಿತು.

ಅಳಿಯಂದಿರು ಮಾತ್ರ ಟೆಕ್ಸಾಸಿನ ಗೆಳೆಯರ ಪಕ್ಷವನ್ನು ಸ್ವಲ್ಪ ವಹಿಸಿದರು. "ಮಾವ, ಜನಪ್ರಿಯ ತಂಡಗಳನ್ನು ಹೆಚ್ಚು ತೋರಿಸುವುದರಿಂದಲೇ ಟಿ.ವಿ.ಯವರು ಅಷ್ಟು ಹಣ ಕೊಡುತ್ತಾರೆ. ಆ ಹಣದಲ್ಲಿ ನಮ್ಮ ಸೋಲುವ ತಂಡಕ್ಕೂ ಸಮಪಾಲು ಬರುತ್ತದೆ. ಡಲ್ಲಾಸಿನವರು ಕುಣಿಯುವುದರಿಂದ ನಮ್ಮ ಒಲೆ ಉರಿಯುತ್ತದೆ" ಎಂದರು. ಈ ಮಾತನ್ನು ತಳ್ಳಿಹಾಕುವಂತಿಲ್ಲ. 2023ರಲ್ಲಿ ಅಮೆರಿಕದ ಟಿ.ವಿ.ಯಲ್ಲಿ ಅತಿ ಹೆಚ್ಚು ಜನ ನೋಡಿದ 100 ಕಾರ್ಯಕ್ರಮಗಳ ಪೈಕಿ 93 ಈ ಫುಟ್‌ಬಾಲ್ ಪಂದ್ಯಗಳೇ ಆಗಿದ್ದವು. ಜನರನ್ನು ಹಿಡಿದು ನಿಲ್ಲಿಸುವ ಶಕ್ತಿ ಕೆಲವರಿಗೆ ಹೆಚ್ಚು ಇರುತ್ತದೆ. ಅವರ ಬಲದಿಂದ ಉಳಿದವರೂ ಬದುಕುತ್ತಾರೆ.

ಆದರೆ ಆ ಶಕ್ತಿ ಬಂದದ್ದು ಎಲ್ಲಿಂದ? ಇಲ್ಲಿಯೇ ಚರಿತ್ರೆ ನನಗೆ ಎರಡನೆಯ ಪಾಠ ಕಲಿಸಿತು. ಡೆಟ್ರಾಯಿಟಿಗೆ ಹಬ್ಬದ ಪಂದ್ಯ ಬಂದದ್ದು 1934ರಲ್ಲಿ. ತಂಡ ಆ ಊರಿಗೆ ಬಂದದ್ದೇ ಆ ವರ್ಷ. ಊರಿನವರಿಗೆ ಬೇಸ್‌ಬಾಲಿನ ಹುಚ್ಚು, ಇವರನ್ನು ಕೇಳುವವರಿಲ್ಲ. ಒಡೆಯರಾಗಿದ್ದ ಜಾರ್ಜ್ ರಿಚರ್ಡ್ಸ್ ಎಂಬವರು ರೇಡಿಯೋ ನಿಲಯವೊಂದರ ಮಾಲೀಕರೂ ಹೌದು. ಅವರು ಹಬ್ಬದ ದಿನವೇ, ಆ ವರ್ಷ ಸೋಲನ್ನೇ ಕಾಣದಿದ್ದ ಷಿಕಾಗೋ ಬೇರ್ಸ್ ತಂಡದ ಜೊತೆ ಪಂದ್ಯವಿಟ್ಟು, 94 ರೇಡಿಯೋ ನಿಲಯಗಳಲ್ಲಿ ಪ್ರಸಾರವಾಗುವಂತೆ ಏರ್ಪಾಡು ಮಾಡಿದರು. ಡೆಟ್ರಾಯಿಟ್ 19-16ರಿಂದ ಸೋತಿತು. ಆದರೂ ಕ್ರೀಡಾಂಗಣ ತುಂಬಿತ್ತು. 1939ರಿಂದ 1944ರವರೆಗಿನ ವರ್ಷಗಳನ್ನು ಬಿಟ್ಟರೆ ಅಂದಿನಿಂದ ಈ ಪದ್ಧತಿ ನಿಂತಿಲ್ಲ.

ಡಲ್ಲಾಸಿನ ಕಥೆಯೂ ಇದೇ. 1960ರಲ್ಲಿ ಹುಟ್ಟಿದ ಆ ತಂಡ ಆಗಿನ್ನೂ ಹಸುಗೂಸು. 1966ರಲ್ಲಿ ಹಬ್ಬದ ದಿನ ಎರಡನೆಯ ಪಂದ್ಯವಾಡಲು ಆ ತಂಡದ ವ್ಯವಸ್ಥಾಪಕರಾಗಿದ್ದ ಟೆಕ್ಸ್ ಶ್ರಾಮ್ ಮುಂದೆ ಬಂದರು. ದೇಶದ ಕಣ್ಣಿಗೆ ತಮ್ಮ ತಂಡ ಬೀಳಲಿ ಎಂಬುದೇ ಅವರ ಉದ್ದೇಶ. ಅಂದು 80 ಸಾವಿರಕ್ಕೂ ಹೆಚ್ಚು ಜನ ಸೇರಿದರು. 'ಅಮೆರಿಕದ ತಂಡ' ಎಂಬ ಬಿರುದು ಅದಕ್ಕೆ ಬಂದದ್ದು ಹನ್ನೆರಡು ವರ್ಷಗಳಾದ ಮೇಲೆ, 1978ರ ಆಟಗಳನ್ನು ಕುರಿತ ಚಲನಚಿತ್ರವೊಂದರಿಂದ. ಜನಪ್ರಿಯತೆಯಿಂದ ಬೆಳಕು ಬಂತೋ, ಬೆಳಕಿನಿಂದ ಜನಪ್ರಿಯತೆ ಬಂತೋ? ಬೀಜವೃಕ್ಷ ನ್ಯಾಯದಂತೆ ಇದಕ್ಕೆ ಉತ್ತರವಿಲ್ಲವೆಂದು ತೋರಬಹುದು. ಆದರೆ ಈ ಎರಡು ಊರುಗಳ ಮಟ್ಟಿಗೆ ಬೆಳಕೇ ಮೊದಲು ಬಂದದ್ದು.

ಗ್ರಂಥಾಲಯದ ಮೇಜಿನ ಮುಂದೆ ಇದನ್ನು ಓದುತ್ತಿದ್ದಾಗಲೇ ನನಗೆ ನಮ್ಮ ಶಾಲೆಯ ವಾರ್ಷಿಕೋತ್ಸವ ನೆನಪಾದದ್ದು.

1980ರ ದಶಕದ ಮಾತು. ಹಾಸನ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಸಾಂಸ್ಕೃತಿಕ ಸಮಿತಿಯ ಹೊಣೆ ಬಹಳ ವರ್ಷ ನನ್ನದಾಗಿತ್ತು. ಕಾರ್ಯಕ್ರಮಗಳ ಪಟ್ಟಿಯನ್ನು ಬರೆಯುತ್ತಿದ್ದವನು ನಾನೇ. ನಮ್ಮಲ್ಲೂ ಪ್ರೈಮ್ ಟೈಮ್ ಇತ್ತು; ಆ ಹೆಸರು ಮಾತ್ರ ಇರಲಿಲ್ಲ. ಸಂಜೆ ಏಳರಿಂದ ಎಂಟೂವರೆ. ಆ ಹೊತ್ತಿಗೆ ಮುಖ್ಯ ಅತಿಥಿಗಳು ಮುಂದಿನ ಸಾಲಿನಲ್ಲಿ ಕುಳಿತಿರುತ್ತಿದ್ದರು. ಹೊಲದ ಕೆಲಸ ಮುಗಿಸಿ ಊರಿನವರೆಲ್ಲ ಬಂದಿರುತ್ತಿದ್ದರು. ಬಾಡಿಗೆಗೆ ತಂದ ಬಣ್ಣದ ದೀಪಗಳು ವೇದಿಕೆಯ ಮೇಲೆ ಬೀಳುತ್ತಿದ್ದವು. ಆ ಹೊತ್ತು ಯಾರಿಗೆ ಎಂಬುದು ಮೊದಲೇ ನಿಶ್ಚಿತ. ಪೇಟೆಯ ಬೀದಿಯ ಮಕ್ಕಳ ನೃತ್ಯ, ಅಧ್ಯಾಪಕರ ಮಕ್ಕಳ ಹಾಡು, ಪ್ರತಿವರ್ಷ ಬಹುಮಾನ ತರುತ್ತಿದ್ದವರ ನಾಟಕ. ಅವರು ಚೆನ್ನಾಗಿಯೇ ಮಾಡುತ್ತಿದ್ದರು. ಅವರಲ್ಲಿ ತಪ್ಪೇನೂ ಇರಲಿಲ್ಲ.

ಶಾಲೆಗೆ ನಾಲ್ಕು ಮೈಲಿ ದೂರದ ಹಟ್ಟಿಯೊಂದರಿಂದ ಎಂಟು ಹುಡುಗರು ನಡೆದು ಬರುತ್ತಿದ್ದರು. ಕೋಲಾಟದಲ್ಲಿ ಅವರದು ಎತ್ತಿದ ಕೈ. ಅಪ್ಪ, ಅಜ್ಜಂದಿರಿಂದ ಬಂದ ವಿದ್ಯೆ. ಅವರ ಕೋಲಾಟವನ್ನು ನಾನು ವರ್ಷವೂ ಸಂಜೆ ನಾಲ್ಕೂವರೆಗೆ ಹಾಕುತ್ತಿದ್ದೆ. ಬಿಸಿಲು ಇಳಿದಿರುವುದಿಲ್ಲ, ಮೈಕ್‌ಸೆಟ್ಟಿನವನು ಇನ್ನೂ ತಂತಿ ಎಳೆಯುತ್ತಿರುತ್ತಾನೆ, ಶಾಮಿಯಾನದ ಕೆಳಗೆ ಸಣ್ಣ ಮಕ್ಕಳು ಓಡಾಡುತ್ತಿರುತ್ತಾರೆ. "ದೂರದ ಮಕ್ಕಳು, ಕತ್ತಲಾಗುವ ಮೊದಲು ಮನೆ ಸೇರಲಿ" ಎಂದು ಕಾರಣ ಹೇಳುತ್ತಿದ್ದೆ. ಕಾರಣ ಸುಳ್ಳಲ್ಲ. ಆದರೆ ಅದೊಂದೇ ಕಾರಣವಾಗಿರಲಿಲ್ಲ ಎಂಬುದು ನನ್ನ ಮನಸ್ಸಿಗೆ ಗೊತ್ತಿತ್ತು. ಅತಿಥಿಗಳ ಮುಂದೆ ಶಾಲೆಯ ಮರ್ಯಾದೆ ಉಳಿಯಬೇಕಾದರೆ ಪಳಗಿದವರನ್ನೇ ನಿಲ್ಲಿಸಬೇಕೆಂಬುದು ನನ್ನ ಲೆಕ್ಕವಾಗಿತ್ತು.

ಒಂದು ವರ್ಷ ಏಳು ಗಂಟೆಯ ಹೊತ್ತಿಗೆ ಆ ಹುಡುಗರಲ್ಲೊಬ್ಬನ ತಂದೆ ಬಂದರು. ಕೈಯಲ್ಲಿ ಟಾರ್ಚು, ಕಾಲಲ್ಲಿ ಕೆಸರು. ಗದ್ದೆಯಿಂದ ನೇರವಾಗಿ ನಡೆದುಬಂದಿದ್ದರು. ಅವರ ಹಿಂದೆ ಇನ್ನೂ ನಾಲ್ಕೈದು ಜನ, ಹೆಂಗಸರೂ ಇದ್ದರು. "ನಮ್ ಹುಡುಗ್ರ ಕೋಲಾಟ ಎಷ್ಟೊತ್ತಿಗೆ ಸ್ವಾಮಿ?" ಎಂದು ಕೇಳಿದರು. ಮುಗಿದು ಎರಡು ಗಂಟೆಯಾಗಿತ್ತು. ನಾನು ಹೇಳಿದೆ. ಅವರು ಒಂದು ಕ್ಷಣ ವೇದಿಕೆಯ ಕಡೆ ನೋಡಿದರು. "ಆಯ್ತು ಬುಡಿ, ಆಡುದ್ರಲ್ಲ, ಅಷ್ಟೇ ಸಾಕು" ಎಂದರು. ಕುಳಿತುಕೊಳ್ಳಿ ಎಂದರೂ ಕೂರದೆ, ಹಿಂದೆ ನಿಂತು ಸ್ವಲ್ಪ ಹೊತ್ತು ಬೇರೆಯವರ ಮಕ್ಕಳ ನೃತ್ಯ ನೋಡಿ ಹೊರಟುಹೋದರು.

ಅಮೆರಿಕದ ಅಭಿಮಾನಿಗಳ ಜಗಳದಲ್ಲಿಯೂ ಇಂಥದೇ ಒಂದು ದೂರಿದೆ. 2006ರಿಂದ ಭಾನುವಾರ ರಾತ್ರಿಗೆ ನಿಗದಿಯಾದ ಪಂದ್ಯ ನೀರಸವೆಂದು ಕಂಡರೆ ಅದನ್ನು ಹಗಲಿಗೆ ತಳ್ಳಿ, ಹಗಲಿನ ಸ್ವಾರಸ್ಯದ ಪಂದ್ಯವೊಂದನ್ನು ರಾತ್ರಿಗೆ ತರುವ ಪದ್ಧತಿ ಬಂದಿದೆ. 2023ರಲ್ಲಿ ಅದನ್ನು ಸೋಮವಾರಕ್ಕೂ ಗುರುವಾರಕ್ಕೂ ವಿಸ್ತರಿಸಿದರು. ಮನೆಯಲ್ಲಿ ಕುಳಿತು ನೋಡುವ ಕೋಟಿ ಜನರಿಗೆ ಇದು ಒಳ್ಳೆಯದೇ. ಆದರೆ ತಿಂಗಳುಗಟ್ಟಲೆ ಮುಂಚೆ ಟಿಕೆಟ್ ಕೊಂಡು, ರಜೆ ಹಾಕಿ, ವಿಮಾನ ಹತ್ತಿ ಬರುವವನ ಗತಿಯೇನು? ಆ ಪ್ರಶ್ನೆಯನ್ನು ಅವರು ಕೇಳಿದಾಗಲೆಲ್ಲ ನನಗೆ ಕಾಣುತ್ತಿದ್ದುದು ಟಾರ್ಚು ಹಿಡಿದ ಆ ತಂದೆಯ ಮುಖ.

ನನ್ನ ತಪ್ಪು ಇಷ್ಟೇ ಆಗಿದ್ದರೆ ಇಂದು ಬರೆಯುತ್ತಿರಲಿಲ್ಲ. ಮರುವರ್ಷ ನಾನು ಮನಸ್ಸು ಗಟ್ಟಿಮಾಡಿ ಕೋಲಾಟವನ್ನು ಏಳೂವರೆಗೆ ಹಾಕಿದೆ. ಮುಖ್ಯೋಪಾಧ್ಯಾಯರು ಹುಬ್ಬು ಗಂಟಿಕ್ಕಿದರೂ ಒಪ್ಪಿದರು. ಹಟ್ಟಿಯವರೆಲ್ಲ ಬಂದಿದ್ದರು. ಹುಡುಗರು ವೇದಿಕೆ ಹತ್ತಿದರು. ಅಷ್ಟು ಪ್ರಖರವಾದ ಬೆಳಕಿನಲ್ಲಿ, ಅಷ್ಟು ಜನರ ಮುಂದೆ ಅವರು ಎಂದೂ ನಿಂತವರಲ್ಲ. ಕಣ್ಣು ಕೋರೈಸಿತೋ, ಎದೆ ನಡುಗಿತೋ, ಎರಡನೆಯ ಸುತ್ತಿನಲ್ಲಿಯೇ ಲೆಕ್ಕ ತಪ್ಪಿತು. ಒಬ್ಬನ ಕೋಲು ಜಾರಿ ಮುಂದಿನ ಸಾಲಿಗೆ ಹೋಗಿ ಬಿತ್ತು. ಜನ ನಕ್ಕರು. ಉಳಿದವರು ಮುಂದುವರಿಯಲಾರದೆ ನಿಂತುಬಿಟ್ಟರು. ಪರದೆ ಎಳೆಸಬೇಕಾಯಿತು.

"ನೋಡಿದಿರಾ ಮೇಷ್ಟ್ರೇ, ಯಾರಿಗೆ ಯಾವ ಹೊತ್ತು ಎಂಬುದನ್ನು ಹಿರಿಯರು ಸುಮ್ಮನೆ ಗೊತ್ತುಮಾಡಿರುವುದಿಲ್ಲ" ಎಂದರು ಮುಖ್ಯೋಪಾಧ್ಯಾಯರು. ನಾನು ತಲೆಯಾಡಿಸಿದೆ. ಅದರ ಮರುವರ್ಷ ಪಟ್ಟಿ ಬರೆಯುವಾಗ ಯಾರೂ ಹೇಳದಿದ್ದರೂ ನಾನೇ ಕೋಲಾಟವನ್ನು ಮತ್ತೆ ನಾಲ್ಕೂವರೆಗೆ ಬರೆದೆ. ಆ ಹುಡುಗರು ಬಂದು ನೋಡಿಕೊಂಡು ಹೋದರು, ಏನೂ ಅನ್ನಲಿಲ್ಲ. ವಾರ್ಷಿಕೋತ್ಸವದ ದಿನ ಅವರಲ್ಲಿ ಒಬ್ಬನೂ ಶಾಲೆಗೆ ಬರಲಿಲ್ಲ. ಮತ್ತೆಂದೂ ನಮ್ಮ ಶಾಲೆಯಲ್ಲಿ ಅವರ ಕೋಲಾಟ ನಡೆಯಲಿಲ್ಲ.

ಈಗ ಡೆಟ್ರಾಯಿಟಿಗೆ ಮರಳುತ್ತೇನೆ. 2008ರಲ್ಲಿ ಆ ತಂಡ 16 ಪಂದ್ಯಗಳಲ್ಲಿ ಹದಿನಾರನ್ನೂ ಸೋತಿತು. ಆದರೂ ಹಬ್ಬದ ಪಂದ್ಯವನ್ನು ಅವರಿಂದ ಕಿತ್ತುಕೊಳ್ಳಲಿಲ್ಲ. ಎಲ್ಲರಿಗಿಂತ ಹೆಚ್ಚು ಸೋತವರಾದ್ದರಿಂದ 2009ರಲ್ಲಿ ಮೊದಲ ಆಯ್ಕೆ ಅವರದಾಯಿತು. ಮ್ಯಾಥ್ಯೂ ಸ್ಟ್ಯಾಫರ್ಡ್ ಎಂಬ ತರುಣ ಬಂದ. 2011ರ ಅಕ್ಟೋಬರ್ 10ರಂದು, ಹತ್ತು ವರ್ಷಗಳ ತರುವಾಯ, ಸೋಮವಾರ ರಾತ್ರಿಯ ಪಂದ್ಯ ಆ ಊರಿನಲ್ಲಿ ನಡೆಯಿತು. ಜನರ ಕೂಗಿಗೆ ಎದುರಾಳಿ ಷಿಕಾಗೋ ತಂಡದವರಿಗೆ ತಮ್ಮವರ ಮಾತೇ ಕೇಳಿಸದೆ, ಚೆಂಡು ಚಲಿಸುವ ಮೊದಲೇ ಅಲುಗಾಡಿದ ತಪ್ಪಿಗೆ ಒಂಬತ್ತು ಸಲ ದಂಡ ತೆತ್ತರು. ಡೆಟ್ರಾಯಿಟ್ 24-13ರಿಂದ ಗೆದ್ದಿತು. ಹತ್ತು ವರ್ಷ ಬೆಳಕು ಕಾಣದವರ ಕೂಗು ಅದು.

ಅನಂತರ ಮತ್ತೆ ಇಳಿಗಾಲ. 2017ರಿಂದ 2023ರವರೆಗೆ ಏಳು ವರ್ಷ ಸತತವಾಗಿ ಹಬ್ಬದ ಪಂದ್ಯವನ್ನು ಸೋತರು. ಕಿತ್ತುಕೊಳ್ಳಿ ಎಂಬ ಮಾತು ಮತ್ತೆ ಮತ್ತೆ ಎದ್ದಿತು, ಒಕ್ಕೂಟ ಕಿವಿಗೊಡಲಿಲ್ಲ. 2022ರ ವೇಳಾಪಟ್ಟಿ ಪ್ರಕಟವಾದಾಗ ಡೆಟ್ರಾಯಿಟಿಗೆ ರಾತ್ರಿಯ ಪಂದ್ಯ ಒಂದೂ ಇರಲಿಲ್ಲ. ಆದರೆ ಕೊನೆಯ ವಾರದ ಪಂದ್ಯವನ್ನು, 2023ರ ಜನವರಿ 8ರಂದು, ಭಾನುವಾರ ರಾತ್ರಿಗೆ ಇಟ್ಟರು. ಆಟ ಆರಂಭವಾಗುವ ಮೊದಲೇ ಬೇರೊಂದು ಪಂದ್ಯದ ಫಲಿತಾಂಶದಿಂದ ಡೆಟ್ರಾಯಿಟ್ ಮುಂದಿನ ಸುತ್ತಿನಿಂದ ಹೊರಬಿದ್ದಾಗಿತ್ತು. ತಮಗೆ ಗಳಿಸಲು ಏನೂ ಇಲ್ಲದಿದ್ದರೂ ಗ್ರೀನ್ ಬೇ ತಂಡವನ್ನು ಅವರದೇ ಅಂಗಳದಲ್ಲಿ 20-16ರಿಂದ ಸೋಲಿಸಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೊಸ ಋತುವಿನ ಮೊಟ್ಟಮೊದಲ ರಾತ್ರಿಯ ಪಂದ್ಯ, ಹಾಲಿ ಚಾಂಪಿಯನ್ನರಾದ ಕಾನ್ಸಾಸ್ ಸಿಟಿಯ ಎದುರು, ಡೆಟ್ರಾಯಿಟಿಗೇ ಸಿಕ್ಕಿತು. ಅದನ್ನೂ 21-20ರಿಂದ ಗೆದ್ದರು.

2024ರ ಸಂಕ್ರಾಂತಿಯ ಬೆಳಗ್ಗೆ ನಾನು ಹಾಸನದ ಮನೆಯಲ್ಲಿದ್ದೆ. ಅಲ್ಲಿ ಆಗ ಜನವರಿ 14ರ ಭಾನುವಾರ ರಾತ್ರಿ. ಮಡದಿ ಎಳ್ಳುಬೆಲ್ಲ ಬೆರೆಸುತ್ತಿದ್ದಳು. ಏಳು ಗಂಟೆಯ ಹೊತ್ತಿಗೆ ಮೊಮ್ಮಗನ ಕರೆ ಬಂತು. ಈಗ ಉದ್ಯೋಗಸ್ಥನಾದ ಅವನು ತನ್ನ ಫೋನನ್ನು ಟಿ.ವಿ.ಯ ಎದುರು ಹಿಡಿದು "ತಾತ, ನೋಡಿ" ಎಂದ. ಎದುರಾಳಿ ಲಾಸ್ ಏಂಜಲೀಸ್ ರಾಮ್ಸ್. ಅವರ ನಾಯಕ ಅದೇ ಸ್ಟ್ಯಾಫರ್ಡ್. ಹನ್ನೆರಡು ವರ್ಷ ಡೆಟ್ರಾಯಿಟಿನಲ್ಲಿ ಆಡಿ, 2021ರಲ್ಲಿ ಆ ತಂಡಕ್ಕೆ ಹೋದವನು. ಅವನಿಗೆ ಬದಲಾಗಿ ಅಲ್ಲಿಂದ ಡೆಟ್ರಾಯಿಟಿಗೆ ಬಂದ ಜಾರೆಡ್ ಗಾಫ್ ಈ ಕಡೆ. ಡೆಟ್ರಾಯಿಟ್ 24-23ರಿಂದ ಗೆದ್ದಿತು. ಋತುವಿನ ಕೊನೆಯ ನಿರ್ಣಾಯಕ ಸುತ್ತುಗಳಲ್ಲಿ ಆ ತಂಡ ಹಿಂದೆ ಗೆದ್ದಿದ್ದು 1992ರ ಜನವರಿಯಲ್ಲಿ, ಅದೂ ಡಲ್ಲಾಸಿನ ಎದುರು. ನಡುವೆ 32 ವರ್ಷ.

ಫೋನಿನ ಪುಟ್ಟ ಪರದೆಯಲ್ಲಿ ಆ ನೆರೆಮನೆಯ ಹಿರಿಯರೂ ಕಂಡರು. ಬಹಳ ಮುಪ್ಪಾಗಿದ್ದರು, ಮೊಣಕಾಲಿನ ಮೇಲೆ ಕಂಬಳಿ ಹೊದ್ದಿದ್ದರು. ಇಡೀ ಮನೆ ಕುಣಿಯುತ್ತಿದ್ದರೆ ಅವರು ಕೂತಲ್ಲೇ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಿದ್ದರು. ಅವರಿಗೆ ಹಬ್ಬದ ಶುಭಾಶಯ ಹೇಳು ಎಂದೆ. "ಯಾವ ಹಬ್ಬ ತಾತ?" ಎಂದ ಮೊಮ್ಮಗ. "ಯಾವುದಾದರೂ ಆಗಲಿ, ಹೇಳು" ಎಂದೆ. ಆ ವರ್ಷದ ಕೊನೆಯಲ್ಲಿ ಥ್ಯಾಂಕ್ಸ್‌ಗಿವಿಂಗ್ ಪಂದ್ಯವನ್ನೂ ಷಿಕಾಗೋ ಎದುರು 23-20ರಿಂದ ಗೆದ್ದರೆಂಬ ಸುದ್ದಿ ಬಂತು.

ಹಬ್ಬದ ಪಂದ್ಯ ಉಳಿದದ್ದರಿಂದಲೇ ಆ ತಂಡ ಗೆದ್ದಿತು ಎಂದು ನಾನು ವಾದಿಸಲಾರೆ. ಒಳ್ಳೆಯ ಆಟಗಾರರು, ಒಳ್ಳೆಯ ತರಬೇತುದಾರರು, ಅದೃಷ್ಟ ಎಲ್ಲವೂ ಸೇರಿರುತ್ತವೆ. ಸೋಲುವವರನ್ನೇ ಪ್ರತಿರಾತ್ರಿ ತೋರಿಸಿ ಎನ್ನುವಷ್ಟು ಅವಿವೇಕಿಯೂ ನಾನಲ್ಲ. ಆದರೆ ವರ್ಷಕ್ಕೊಂದು ದಿನವಾದರೂ, ಗೆಲುವು ಸೋಲುಗಳ ಲೆಕ್ಕವಿಲ್ಲದೆ, ಇದು ನಿಮ್ಮದು ಎಂದು ಬಿಟ್ಟುಕೊಡುವುದರಲ್ಲಿ ಒಂದು ನ್ಯಾಯವಿದೆ. ನಾನು ಬೆಳಕು ಕೊಟ್ಟೆ. ಒಮ್ಮೆ ಎಡವಿದ್ದಕ್ಕೆ ಕಿತ್ತುಕೊಂಡೆ. ಹಾಗೆ ಕೊಟ್ಟದ್ದು ಅವಕಾಶವಲ್ಲ, ಪರೀಕ್ಷೆ. ಪೇಟೆಯ ಮಕ್ಕಳು ಹತ್ತು ವರ್ಷದಿಂದ ಅದೇ ಬೆಳಕಿನಲ್ಲಿ ಎಡವಿ ಎಡವಿಯೇ ಪಳಗಿದವರು ಎಂಬುದನ್ನು ನಾನು ಮರೆತೆ.

ನಿಮ್ಮಲ್ಲಿ ಹಲವರು ಈಗ ಶಿಕ್ಷಕರಾಗಿದ್ದೀರಿ. ಕೆಲವರು ಮುಖ್ಯೋಪಾಧ್ಯಾಯರೂ ಆಗಿದ್ದೀರಿ. ವಾರ್ಷಿಕೋತ್ಸವದ ಪಟ್ಟಿ ಬರೆಯುವಾಗ ಏಳೂವರೆಯ ಹೊತ್ತನ್ನು ಒಂದು ವರ್ಷ ಯಾರಿಗಾದರೂ ಕೊಟ್ಟರೆ, ಅವರು ಎಡವಿದ ಮರುವರ್ಷವೂ ಅವರಿಗೇ ಕೊಡಿ. ನಿಮ್ಮ ಮೇಷ್ಟ್ರು ಮಾಡದೇ ಹೋದದ್ದನ್ನು ನೀವು ಮಾಡಿದಂತಾಗುತ್ತದೆ.

ಆ ಎಂಟು ಹುಡುಗರಲ್ಲಿ ಯಾರಾದರೂ, ಅಥವಾ ಅವರ ಮಕ್ಕಳಾದರೂ, ಇದನ್ನು ಓದುವ ಸಂಭವವುಂಟು. ನಿಮಗೆ ಈಗ ಐವತ್ತು ದಾಟಿರಬೇಕು. ಆ ದಿನ ಜಾರಿ ಬಿದ್ದ ಕೋಲನ್ನು ಮುಂದಿನ ಸಾಲಿನಿಂದ ಎತ್ತಿ ತಂದವನು ನಾನು. ಅದನ್ನು ನಿಮ್ಮ ಕೈಗೆ ಕೊಟ್ಟು "ಇನ್ನೊಮ್ಮೆ ಆಡಿ" ಎನ್ನಬೇಕಾಗಿತ್ತು. ಹೇಳಲಿಲ್ಲ. ಕ್ಷಮಿಸಿ.